ಹೊಳಲ್ಕೆರೆ ಬ್ರದರ್‌ಗೆ: ಮೊದಲು ಆ ವೆರಿಫೈ ಫಾಲ್ಸ್ ತೆಗೆಯಿರಿ

ಬ್ರದರ್, ಗ್ರೂಪಿನಲ್ಲಿ ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿ ಎದೆ ಧಸಕ್ ಅಂತು. ಮಳೆಗಾಲದಲ್ಲಿ ಒಂದೂವರೆ ತಿಂಗಳು ಆಫ್ ಮಾಡಿಟ್ಟಿದ್ದ ರಾಸ್ಪ್‌ಬೆರಿ ಪೈ (ಪಂಪ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಆನ್ ಮಾಡಿದ್ದೀರಿ. 'ಸರ್ಟಿಫಿಕೇಟ್ ವೆರಿಫೈ ಫೇಲ್ಡ್' ಅಂತ ಬಂದಿದೆ, ಅಂದರೆ ಸರ್ವರ್ ತೋರಿಸಿದ ಗುರುತಿನ ಚೀಟಿಯನ್ನು ಪೈ ಒಪ್ಪಲಿಲ್ಲ. ಎಲ್ಲೋ ನೋಡಿ ರಿಕ್ವೆಸ್ಟ್ಸ್‌ಗೆ (ಸರ್ವರ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ವೆರಿಫೈ=ಫಾಲ್ಸ್, ಅಂದರೆ ಚೀಟಿ ನೋಡಲೇಬೇಡ ಅಂತ ಕೊಟ್ಟು, 'ಈಗ ಸೂಪರಾಗಿ ಓಡ್ತಿದೆ' ಅಂತ ಹಾಕಿದ್ದೀರಿ. ಕೆಳಗೆ ಸಾಲಾಗಿ ಥಂಬ್ಸ್ ಅಪ್ ಬೇರೆ. ಓಡ್ತಿಲ್ಲ ಬ್ರದರ್. ನಾಯಿ ಬೊಗಳುತ್ತಿತ್ತು, ಅದರ ಬಾಯಿ ಕಟ್ಟಿದ್ದೀರಿ, ಅಷ್ಟೇ.

ನಾನೂ ಇದನ್ನೇ ಮಾಡಿದ್ದೆ. ಚನ್ನಗಿರಿ ಹತ್ತಿರ ನಮ್ಮ ಅಡಿಕೆ ತೋಟದ ಪಂಪ್‌ಹೌಸ್‌ನಲ್ಲಿ ಇದೇ ಪೈ, ಒಂದು ಇಂಟರ್ನೆಟ್ ಡಾಂಗಲ್, ಎರಡು ರಿಲೇ (ಪೈ ಹೇಳಿದಂತೆ ಮೋಟರ್ ಹಾಕುವ ಸ್ವಿಚ್). ವೆರಿಫೈ ಆಫ್ ಮಾಡಿದ ಮೇಲೆ ಲಾಗ್ ತುಂಬ ವಾರ್ನಿಂಗ್ ಬರುತ್ತಿತ್ತು. ಅದೂ ಕಿರಿಕಿರಿ ಅಂತ ವಾರ್ನಿಂಗನ್ನೂ ಬಂದ್ ಮಾಡಿದೆ. ಬೇಸಿಗೆಯಲ್ಲಿ ಒಂದು ದಿನ ಡಾಂಗಲ್ ಪ್ಯಾಕ್ ಮುಗಿಯಿತು. ನಾನು ಗಮನಿಸಲಿಲ್ಲ. ಆಮೇಲೆ ಸ್ಕ್ರಿಪ್ಟ್ ಯಾವ ಅಡ್ರೆಸ್‌ಗೆ ಹೋದರೂ ಇಂಟರ್ನೆಟ್ ಕೊಡುವವರ 'ರೀಚಾರ್ಜ್ ಮಾಡಿ' ಪೇಜೇ ಉತ್ತರ ಕೊಡುತ್ತಿತ್ತು. ಅದರ ಸರ್ಟಿಫಿಕೇಟ್‌ನಲ್ಲಿ ಇದ್ದದ್ದು ನನ್ನ ಸರ್ವರ್ ಹೆಸರಲ್ಲ. ವೆರಿಫೈ ಇದ್ದಿದ್ದರೆ ಹೋಸ್ಟ್‌ನೇಮ್ ಮಿಸ್‌ಮ್ಯಾಚ್ ಅಂತ ಅಲ್ಲೇ ನಿಲ್ಲುತ್ತಿತ್ತು. ನೋಡಬೇಡ ಅಂತ ನಾನೇ ಹೇಳಿದ್ದೆನಲ್ಲ! 200 ಓಕೆ, ಅಂದರೆ 'ಎಲ್ಲ ಸರಿ' ಎಂಬ ಉತ್ತರ ಬಂತು. ಡೇಟಾ ತಲುಪಿತು ಅಂದುಕೊಂಡು ಸ್ಕ್ರಿಪ್ಟ್ ಒಂಬತ್ತು ದಿನದ ರೀಡಿಂಗ್ ಅಳಿಸಿ ಹಾಕಿತು.

ಅದು ಹೋಗಲಿ. ಮೋಟರ್ ಹಾಕಬೇಕೋ ಬೇಡವೋ ಅಂತ ಸರ್ವರನ್ನು ಕೇಳುವ ಸಾಲು ಹೀಗಿತ್ತು: ಉತ್ತರದಲ್ಲಿ 'ಆನ್' ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ರಿಲೇ ಎಳೆ. ಆ ರೀಚಾರ್ಜ್ ಪೇಜಿನ ಎಚ್‌ಟಿಎಂಎಲ್‌ನಲ್ಲಿ 'ಬಟನ್' ಪದದ ಕೊನೆಗೆ ಅದೇ ಎರಡಕ್ಷರ. 'ಫಂಕ್ಷನ್' ಕೊನೆಗೂ ಅದೇ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು, ರಿಲೇ ಎಳೆಯಿತು. ಆ ಬೇಸಿಗೆ ನಮ್ಮ ಬೋರ್ ಅರ್ಧ ಗಂಟೆ ಕೊಟ್ಟರೆ ಒಂದು ಗಂಟೆ ರೆಸ್ಟ್ ಕೇಳುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಸ್ಟಾರ್ಟರ್ ಟ್ರಿಪ್ ಆಗಿದೆ, ಮತ್ತೆ ಹಾಕಿದರೆ ಮತ್ತೆ ಟ್ರಿಪ್. 26 ಲೆಂತ್ ಪೈಪ್ ಎತ್ತಿಸಿ ಮೋಟರ್ ಹೊರಗೆ ತೆಗೆಸಿದೆ. ನೀರಿಲ್ಲದೆ ಓಡಿ ವೈಂಡಿಂಗ್ ಕರಕಲು. 'ನಿನ್ನ ಕಂಪ್ಯೂಟರ್‌ಗಿಂತ ನಮ್ಮ ಆಟೋ ಸ್ವಿಚ್ಚೇ ವಾಸಿ' ಅಂತ ಅಪ್ಪ ಈಗಲೂ ಬಂದವರ ಮುಂದೆಲ್ಲ ಹೇಳುತ್ತಾರೆ.

ಈಗ ನಿಮ್ಮದಕ್ಕೆ ಬರೋಣ. ಸ್ಕ್ರೀನ್‌ಶಾಟ್‌ನಲ್ಲಿ 'ವೆರಿಫೈ ಫೇಲ್ಡ್' ಆದ ಮೇಲೆ ಕೋಲನ್ ಹಾಕಿ ಇನ್ನೂ ಕೆಲವು ಪದ ಇವೆ, ಯಾರೂ ಅಷ್ಟು ದೂರ ಓದುವುದೇ ಇಲ್ಲ. 'ನಾಟ್ ಯೆಟ್ ವ್ಯಾಲಿಡ್' ಅಂತಿದೆ. ಅಂದರೆ ಸರ್ಟಿಫಿಕೇಟ್ ಸರಿ ಇದೆ, ನಿಮ್ಮ ಪೈ ಗಡಿಯಾರ ಹಿಂದಿದೆ. ಪೈ 4ರವರೆಗೆ ಬೋರ್ಡಿನಲ್ಲಿ ಆರ್‌ಟಿಸಿ (ಕರೆಂಟ್ ಇಲ್ಲದಾಗಲೂ ಬ್ಯಾಟರಿಯಲ್ಲಿ ಓಡುವ ಗಡಿಯಾರ) ಇಲ್ಲ. ಆನ್ ಮಾಡಿದಾಗ ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಶುರು ಮಾಡುತ್ತದೆ. ನೀವು ಆಫ್ ಮಾಡಿದ್ದಾಗ ಸರ್ವರ್‌ನಲ್ಲಿ ಹೊಸ ಸರ್ಟಿಫಿಕೇಟ್ ಬಂದಿದೆ, ಲೆಟ್ಸ್ ಎನ್‌ಕ್ರಿಪ್ಟ್ (ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕೊಡುವುದು ಹೆಚ್ಚೆಂದರೆ 90 ದಿನಕ್ಕೇ ಮುಗಿಯುತ್ತದಲ್ಲ. ಪೈ ಲೆಕ್ಕದಲ್ಲಿ ಅದು ಇನ್ನೂ ಹುಟ್ಟೇ ಇಲ್ಲ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಹೊಡೆದು ನೋಡಿ, ಸಿಂಕ್ರೊನೈಸ್ಡ್ ಮುಂದೆ 'ನೋ' ಅಂತ ಇದ್ದರೆ ಇದೇ ಕಥೆ.

ನಾನು ಮಾಡಿದ್ದು: ಡಿಎಸ್3231 ಆರ್‌ಟಿಸಿ ಮಾಡ್ಯೂಲ್ ಹಾಕಿದೆ. ಡಿಎಸ್1307 ತಗೋಬೇಡಿ, ಅಗ್ಗ ಅಂತ ಆಸೆ ಬೀಳಬೇಡಿ. ಪಂಪ್‌ಹೌಸ್ ತಗಡಿನ ಶೀಟ್ ಕೆಳಗೆ ಕಾಯುವ ಶಾಖಕ್ಕೆ ಅದರ ಸಮಯ ಜಾರುತ್ತದೆ. 3231ರಲ್ಲಿ ಶಾಖಕ್ಕೆ ತಕ್ಕಂತೆ ಸರಿ ಮಾಡಿಕೊಳ್ಳುವ ವ್ಯವಸ್ಥೆ ಒಳಗೇ ಇದೆ. ಆದರೆ ಸಿಗುವ ನೀಲಿ ಬೋರ್ಡ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. 5 ವೋಲ್ಟ್ ಕೊಟ್ಟು ಮಾಮೂಲಿ ಸಿಆರ್2032 ಹಾಕಿದರೆ ಸೆಲ್ ಉಬ್ಬಬಹುದು. ಪೈನ 3.3 ವೋಲ್ಟ್ ಪಿನ್‌ಗೇ ಕೊಡಿ. ಪೈ 5 ಇದ್ದವರಿಗೆ ಆರ್‌ಟಿಸಿ ಬೋರ್ಡಿನಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಂಡು ಸಿಕ್ಕಿಸಬೇಕು.

ಆರ್‌ಟಿಸಿ ಬೇಡ ಅನ್ನುವವರು ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್ (ನೆಟ್‌ನಿಂದ ಸಮಯ ಸರಿಯಾಗುವವರೆಗೆ ಕಾಯುವ ಸರ್ವಿಸ್) ಎನೇಬಲ್ ಮಾಡಿ, ಸರ್ವಿಸ್ ಫೈಲ್‌ನಲ್ಲಿ ಟೈಮ್-ಸಿಂಕ್ ಟಾರ್ಗೆಟ್ ಆದ ಮೇಲೆ ಶುರುವಾಗು ಅಂತ ಬರೆಯಿರಿ. ಒಂದೇ ತೊಂದರೆ, ನೆಟ್ ಬರದಿದ್ದರೆ ಸ್ಕ್ರಿಪ್ಟ್ ಏಳುವುದೇ ಇಲ್ಲ. ಅದಕ್ಕೇ ರೀಡಿಂಗ್ ಬರೆದಿಡುವ ಸ್ಕ್ರಿಪ್ಟ್ ಬೇರೆ, ಕಳಿಸುವ ಸ್ಕ್ರಿಪ್ಟ್ ಬೇರೆ ಇರಲಿ.

ಗ್ರೂಪಿನಲ್ಲಿ ಒಬ್ಬರು 'ಎರರ್ ಬಂದರೆ ಟ್ರೈ-ಎಕ್ಸೆಪ್ಟ್ ಹಾಕಿ ರೀಟ್ರೈ ಮಾಡ್ತಾ ಇರಿ' ಅಂದಿದ್ದಾರೆ. ಸುಮ್ನೆ ಹಾಗೆ ಮಾಡಬೇಡಿ. ರಿಕ್ವೆಸ್ಟ್ಸ್‌ನಲ್ಲಿ ಎಸ್‌ಎಸ್‌ಎಲ್‌ಎರರ್ ಅನ್ನುವುದು ಕನೆಕ್ಷನ್‌ಎರರ್‌ನ ಮರಿ, ಅಂದರೆ ಅದರದೇ ಒಂದು ಬಗೆ. ಕನೆಕ್ಷನ್‌ಎರರ್ ಹಿಡಿದು ರೀಟ್ರೈ ಮಾಡಿದರೆ ಸರ್ಟಿಫಿಕೇಟ್ ತೊಂದರೆಯೂ ಅದರೊಳಗೇ ಮುಚ್ಚಿಹೋಗುತ್ತದೆ. ಎಸ್‌ಎಸ್‌ಎಲ್‌ಎರರ್ ಮೊದಲು ಹಿಡಿಯಿರಿ, ಪೂರ್ತಿ ಮೆಸೇಜ್ ಲಾಗ್‌ಗೆ ಬರೆಯಿರಿ, ರಿಲೇ ಆಫ್ ಮಾಡಿ, ನಿಲ್ಲಿ. ನೆಟ್ ಹೋದದ್ದಕ್ಕೆ, ಟೈಮ್‌ಔಟ್‌ಗೆ ಮಾತ್ರ ರೀಟ್ರೈ. ಅದೂ 5 ಸೆಕೆಂಡ್, 10, 20 ಅಂತ ಅಂತರ ಹೆಚ್ಚಿಸುತ್ತಾ ಹೋಗಿ. ಟೈಮ್‌ಔಟ್ ನೀವೇ ಕೊಡಬೇಕು. ಕೊಡದಿದ್ದರೆ ಉತ್ತರ ಬರುವವರೆಗೂ ಅದು ಕಾಯುತ್ತಾ ಕೂರುತ್ತದೆ.

ಬ್ರೌಸರ್‌ನಲ್ಲಿ ತೆರೆಯುತ್ತದೆ, ಪೈಥಾನ್‌ನಲ್ಲಿ 'ಲೋಕಲ್ ಇಷ್ಯೂಯರ್' ಸಿಗಲಿಲ್ಲ ಅನ್ನುತ್ತದೆ ಅಂತ ಕಳೆದ ವಾರ ಹಿರಿಯೂರಿನವರು ಕೇಳಿದ್ದರು. ಹೆಚ್ಚಿನ ಸಲ ಅದು ಸರ್ವರ್ ಕಡೆ ತಪ್ಪು. ತನ್ನ ಸರ್ಟಿಫಿಕೇಟನ್ನು ರೂಟ್‌ಗೆ (ಎಲ್ಲರೂ ನಂಬುವ ಮೂಲ ಸರ್ಟಿಫಿಕೇಟ್) ಜೋಡಿಸುವ ನಡುವಿನ ಸರ್ಟಿಫಿಕೇಟ್ ಕಳಿಸುತ್ತಿಲ್ಲ. ಬ್ರೌಸರ್ ತಾನೇ ಹುಡುಕಿಕೊಳ್ಳುತ್ತದೆ, ಪೈಥಾನ್ ಹುಡುಕುವುದಿಲ್ಲ. ಎನ್‌ಜಿನ್‌ಎಕ್ಸ್‌ಗೆ (ವೆಬ್ ಸರ್ವರ್ ಸಾಫ್ಟ್‌ವೇರ್) ಸರ್ಟ್ ಫೈಲ್ ಬದಲು ಫುಲ್‌ಚೈನ್ ಫೈಲ್ ಕೊಡಿ.

ಪೈ ಬದಲು ಇಎಸ್‌ಪಿ8266 (ವೈಫೈ ಇರುವ ಪುಟ್ಟ ಚಿಪ್) ಬಳಸುವವರೇ, ಸೆಟ್‌ಇನ್‌ಸೆಕ್ಯೂರ್ ಅನ್ನುವುದೂ ಇದೇ ಜಾತಿಯ ಔಷಧಿ. ಆನ್ ಆದಾಗ ಅದರ ಪ್ರಕಾರ ಇಸವಿ 1970. ಮೊದಲು ಎನ್‌ಟಿಪಿಯಿಂದ (ನೆಟ್‌ನಲ್ಲಿ ಸಮಯ ಹೇಳುವ ವ್ಯವಸ್ಥೆ) ಸಮಯ ತರಿಸಿ, ಆಮೇಲೆ ಕನೆಕ್ಟ್ ಮಾಡಿ. ಒಂದೇ ಸರ್ಟಿಫಿಕೇಟ್‌ನ ಫಿಂಗರ್‌ಪ್ರಿಂಟ್ ಕೋಡ್‌ನಲ್ಲಿ ಬರೆದು ಪಿನ್ ಮಾಡಿದರೆ ಸರ್ಟಿಫಿಕೇಟ್ ಬದಲಾದಾಗೆಲ್ಲ ಲ್ಯಾಪ್‌ಟಾಪ್ ಹಿಡಿದು ತೋಟಕ್ಕೆ ಓಡಬೇಕು. ಅದರ ಬದಲು ರೂಟ್ ಹಾಕಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಐಎಸ್‌ಆರ್‌ಜಿ ರೂಟ್ ಎಕ್ಸ್1 2035ರವರೆಗೆ ನಡೆಯುತ್ತದೆ.

ಸಿ ಭಾಷೆಯಲ್ಲಿ ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಕನೆಕ್ಷನ್‌ನ ಲೈಬ್ರರಿ) ಜೊತೆ ಗುದ್ದಾಡುತ್ತಿರುವ ಜಗಳೂರಿನ ಹುಡುಗನಿಗೆ: ನಾನ್‌ಬ್ಲಾಕಿಂಗ್‌ನಲ್ಲಿ (ಡೇಟಾಗೆ ಕಾಯದೆ ತಕ್ಷಣ ವಾಪಸ್ ಬರುವ ರೀತಿ) ಎಸ್‌ಎಸ್‌ಎಲ್ ರೀಡ್ ಮೈನಸ್ ಒಂದು ಕೊಟ್ಟ ತಕ್ಷಣ ಕನೆಕ್ಷನ್ ಮುಚ್ಚಬೇಡಪ್ಪ. ಗೆಟ್ ಎರರ್ ಕೇಳು. 'ವಾಂಟ್ ರೀಡ್' ಬಂದರೆ ಅದು ಎರರ್ ಅಲ್ಲ, ಸ್ವಲ್ಪ ತಾಳು ಅಂತ ಅಷ್ಟೇ. ಪ್ರತಿ ಕಾಲ್‌ಗೆ ಮೊದಲು ಎರರ್ ಕ್ಯೂ ಖಾಲಿ ಮಾಡು, ಇಲ್ಲದಿದ್ದರೆ ಹಿಂದಿನ ಕನೆಕ್ಷನ್‌ನ ತಪ್ಪನ್ನು ಇದರ ತಲೆಗೆ ಕಟ್ಟುತ್ತದೆ.

ಹೊಳಲ್ಕೆರೆ ಬ್ರದರ್, ಇನ್ನೊಂದು. ಫೋಟೋದಲ್ಲಿ ಪ್ಯಾನಲ್ ನೋಡಿದೆ, ನೀರಿಲ್ಲದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಕಾಣಲಿಲ್ಲ. ಕೋಡ್ ಎಷ್ಟೇ ಚೆನ್ನಾಗಿರಲಿ, ಅದೊಂದು ಪ್ಯಾನಲ್‌ನಲ್ಲೇ ಇರಬೇಕು. ರಿಲೇಗೆ ಸೀರೀಸ್‌ನಲ್ಲಿ ಬರಲಿ. ವೆರಿಫೈ ವಾಪಸ್ ಹಾಕಿದ ಮೇಲೆ ಪೈ ಒಂದು ಸಲ ಆಫ್-ಆನ್ ಮಾಡಿ, ಟೈಮ್‌ಡೇಟ್‌ಸಿಟಿಎಲ್ ಏನು ತೋರಿಸಿತು ಅಂತ ಇಲ್ಲೇ ಹಾಕಿ, ರಾತ್ರಿ ನೋಡುತ್ತೇನೆ.