ಓದುಗರ ಪ್ರಶ್ನೆ: ಡಾಲ್ಫಿನ್‌ಗೆ ಬಲೆ ಯಾಕೆ ತಿಳಿಯುವುದಿಲ್ಲ?

ಪ್ರಶ್ನೆ: ಬೈನಾ ಬೀಚಿನಲ್ಲಿ ಸತ್ತ ಡಾಲ್ಫಿನ್ ಬಿದ್ದಿತ್ತು. ಬೋಟು ಬಡಿದದ್ದು ಅಂತ ಕೆಲವರು, ಬಲೆಗೆ ಸಿಕ್ಕಿದ್ದು ಅಂತ ಕೆಲವರು. ನೋಡಿ ಹೇಳಬಹುದೇ? ಶಬ್ದದಿಂದ ದಾರಿ ಕಂಡುಕೊಳ್ಳುವ ಪ್ರಾಣಿ ಬಲೆಗೆ ಹೇಗೆ ಬೀಳುತ್ತದೆ?
– ಓದುಗರು, ವಾಸ್ಕೊ

ಉತ್ತರ: ಮೈ ಕೊಳೆಯುವ ಮುಂಚೆಯಾದರೆ ಕೆಲವು ಗುರುತು ಸಿಗುತ್ತವೆ. ಮೂತಿಯ ಸುತ್ತ, ಈಜುರೆಕ್ಕೆಗಳ ಮುಂದಿನ ಅಂಚಿನಲ್ಲಿ, ಬಾಲದ ಬುಡದಲ್ಲಿ ದಾರ ಎಳೆದಂಥ ಸಣ್ಣ ಗೆರೆಗಳಿದ್ದರೆ ಅದು ಬಲೆಯದು. ಒಂದರ ಪಕ್ಕ ಒಂದರಂತೆ ಆಳವಾದ ಗಾಯಗಳಿದ್ದರೆ ಪ್ರೊಪೆಲ್ಲರಿನದು. ಬಾಲವನ್ನು ಕತ್ತಿಯಿಂದ ಕಡಿದಂತಿದ್ದರೆ, ಬಲೆ ಹರಿಯದಿರಲಿ ಎಂದು ಸತ್ತ ಪ್ರಾಣಿಯನ್ನು ಕತ್ತರಿಸಿ ಬಿಡಿಸಿರುವ ಸಾಧ್ಯತೆಯೇ ಹೆಚ್ಚು. ಚರ್ಮ ಸುಲಿದು ಮೈ ಉಬ್ಬಿದ ಮೇಲೆ ಫೋಟೊ ನೋಡಿ ತೀರ್ಪು ಕೊಡುವುದು ಬೇಡ. ಗುರುತಿಲ್ಲ ಎಂದಮಾತ್ರಕ್ಕೆ ಬಲೆ ನಿರಪರಾಧಿಯೂ ಅಲ್ಲ.

ಗೋವಾದ ದಡದಲ್ಲಿ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಅದು ಆಳ ಕಡಲಿಗೆ ಹೋಗುವುದು ಕಡಿಮೆ. ಕಂತುಬಲೆ (ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ) ಬಿಡುವುದೂ ಅದೇ ದಡದ ನೀರಿನಲ್ಲಿ. ಬಲೆಯ ಒಂಟಿ ಎಳೆಯ ನೈಲಾನ್ ದಾರದಿಂದ ಪ್ರತಿಧ್ವನಿ ತೀರಾ ಕ್ಷೀಣವಾಗಿ ಬರುತ್ತದೆ. ಬಂಗುಡೆಯ ಹಿಂದೆ ಬಿದ್ದ ಡಾಲ್ಫಿನ್‌ಗೆ ಮೀನಿನ ಪ್ರತಿಧ್ವನಿಯ ಮೇಲೇ ಗಮನ, ದಾರದ ಮೇಲಲ್ಲ. ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಒಂದು ಹೆಣ್ಣು ಹಲವು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವುದರಿಂದ ಸಣ್ಣ ಗುಂಪಿಗೆ ಒಂದೆರಡು ಸಾವೂ ದೊಡ್ಡ ಪೆಟ್ಟು.

ಡಾಲ್ಫಿನ್‌ಗಳನ್ನು ಸದ್ದಿನಿಂದ ದೂರವಿಡಲು ಬಲೆಗೆ ಪಿಂಗರ್ ಕಟ್ಟಿದರೆ ಸಾಕು ಎನ್ನುವವರಿದ್ದಾರೆ. ಸುಮಾರು 10 ಕಿಲೊಹರ್ಟ್ಸ್ ಸದ್ದು ಮಾಡುವ ಈ ಉಪಕರಣವನ್ನು 100 ಮೀಟರಿಗೊಂದರಂತೆ ಕಟ್ಟಬೇಕು. 500 ಮೀಟರ್ ಬಲೆಗೆ ಎರಡು ತುದಿ ಸೇರಿ ಆರು ಬೇಕು. ನಡುವೆ ಒಂದರ ಬ್ಯಾಟರಿ ಸತ್ತರೆ ಅಲ್ಲಿ ಸದ್ದಿಲ್ಲದ ಬಾಗಿಲು ತೆರೆದಂತೆ. ಡಾಲ್ಫಿನ್‌ನ ಸಂಬಂಧಿಗಳಾದ ತಣ್ಣೀರಿನ ಪೋರ್ಪಾಯ್ಸ್‌ಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ಡಾಲ್ಫಿನ್‌ಗಳು ಮಾತ್ರ ಸದ್ದಿಗೆ ಒಗ್ಗಿಹೋಗಬಹುದು, ಸದ್ದಿದ್ದಲ್ಲಿ ಮೀನಿದೆ ಎಂದು ಕಲಿಯಲೂಬಹುದು. ನಮ್ಮ ಮಟ್ಟಿಗೆ ಮೊದಲ ಮದ್ದು ಬೇರೆ: ರಾತ್ರಿಯಿಡೀ ಬಲೆ ಬಿಟ್ಟು ಮನೆಗೆ ಹೋಗದೆ, ಪಕ್ಕದಲ್ಲೇ ದೋಣಿ ನಿಲ್ಲಿಸಿ ಬೇಗ ಬೇಗ ಎಳೆಯುವುದು.

ಜೀವಂತ ಸಿಕ್ಕರೆ ತಲೆಯ ಮೇಲಿನ ಉಸಿರುರಂಧ್ರ ಮೊದಲು ನೀರಿನಿಂದ ಹೊರಗಿರಲಿ, ಆಮೇಲೆ ದಾರ ಕತ್ತರಿಸಿ. ಬಾಲ ಹಿಡಿದು ಎಳೆಯಬೇಡಿ. ಮೈಮೇಲೆ ಒಂದು ತುಂಡು ದಾರವೂ ಉಳಿಯಬಾರದು. ಪ್ರಾಣಿ ಬೆಳೆದಂತೆ ಅದು ಮಾಂಸ ಕೊಯ್ಯುತ್ತದೆ. ದಡಕ್ಕೆ ಬಂದು ಬಿದ್ದದ್ದಾದರೆ ಹೊಟ್ಟೆ ಕೆಳಗಾಗಿ ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ (ಉಸಿರುರಂಧ್ರ ಮುಚ್ಚದಂತೆ), ನೆರಳು ಮಾಡಿ ಅರಣ್ಯ ಇಲಾಖೆಗೆ ತಿಳಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ಸತ್ತದ್ದನ್ನೂ ನೀವೇ ಹೂಳುವಂತಿಲ್ಲ.

ಪ್ರಶ್ನೆ: ಮೀನಿನ ಡಬ್ಬಿಯ ಮೇಲೆ ‘ಡಾಲ್ಫಿನ್ ಸೇಫ್’ ಎಂದಿದ್ದರೆ ನಿಶ್ಚಿಂತೆಯಿಂದ ತಿನ್ನಬಹುದೇ?
– ಓದುಗರು, ಪುಣೆ

ಉತ್ತರ: 1990ರಲ್ಲಿ ಅಮೆರಿಕ ಈ ಗುರುತಿಗೆ ಕಾನೂನು ಮಾಡಿದ್ದು ಟ್ಯೂನಾಗಾಗಿ. ಪೂರ್ವ ಪೆಸಿಫಿಕ್‌ನಲ್ಲಿ ಟ್ಯೂನಾ ಡಾಲ್ಫಿನ್ ಹಿಂಡಿನ ಕೆಳಗೇ ಈಜುವುದರಿಂದ ಹಿಂಡಿಗೇ ಬಲೆ ಸುತ್ತುತ್ತಿದ್ದರು. ಅರಬ್ಬಿ ಸಮುದ್ರದ ಸುರ್ಮಾಯಿಗೆ (ಅಂಜಲ್ ಮೀನಿಗೆ) ಆ ಗುರುತು ಏನನ್ನೂ ಹೇಳುವುದಿಲ್ಲ. ಮಾರುವವರನ್ನು ಕೇಳಿ: ಬಲೆಯದೋ, ಗಾಳದ್ದೋ? ಗಾಳದ ಮೀನು ಸಿಕ್ಕರೆ ಅದನ್ನೇ ಕೊಳ್ಳಿ.