ಕಾರಲ್ಲಿ ಗುಮ್ ಅನ್ನುವ ಬೇಸ್, ಫೋನಲ್ಲಿ ಮಾಯ: ಇಕ್ಯೂ ಮುಟ್ಟುವ ಮೊದಲು

ನಿಮ್ಮ ಪ್ರಶ್ನೆ ಓದಿದೆ, ಟ್ರ್ಯಾಕ್ ಕೂಡ ಕೇಳಿದೆ. 125 ಬಿಪಿಎಂ (ನಿಮಿಷಕ್ಕೆ 125 ಬೀಟ್) ಹೌಸ್ ಡ್ಯಾನ್ಸ್ ಟ್ರ್ಯಾಕ್, ಎ ಮೈನರ್, ವೈಟಲ್ ಅನ್ನುವ ಸಾಫ್ಟ್‌ವೇರ್ ಸಿಂತ್‌ನಲ್ಲಿ ಮಾಡಿದ ಬೇಸ್. ರೂಮಲ್ಲಿ ಬೇಸ್ ಕಡಿಮೆ ಅನಿಸಿ 6 ಡಿಬಿ ಏರಿಸಿದಿರಿ. ಈಗ ಕಾರಲ್ಲಿ ಗುಮ್ ಅನ್ನುತ್ತೆ, ಫೋನಲ್ಲಿ ಬೇಸೇ ಇಲ್ಲ. ಯಾವ ಇಕ್ಯೂ (ಬೇಸ್, ಟ್ರೆಬಲ್ ಏರಿಸಿ ಇಳಿಸುವ) ಪ್ಲಗಿನ್ ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಹಾಕಿರುವ ಆ 6 ಡಿಬಿ ಮೊದಲು ತೆಗೆಯಿರಿ.

ಮೊದಲು ನಿಮ್ಮ ಕುರ್ಚಿ. ಫೋಟೋ ನೋಡಿದೆ. 10×12 ಅಡಿ ರೂಮು, ನೀವು ಕೂತಿರುವುದು ಹತ್ತಡಿ ಅಂತರದ ಎರಡು ಗೋಡೆಗಳ ನಟ್ಟನಡುವೆ. ಹತ್ತಡಿ ಅಂದರೆ 3.05 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಜ್. ಆ ಗೋಡೆಗಳ ನಡುವೆ ಶಬ್ದ ಅನುರಣಿಸುವುದು ಅಲ್ಲೇ, ಮತ್ತು ಆ ಅಲೆ ಗೋಡೆ ಹತ್ತಿರ ಜೋರು, ನಡುವೆ ಹೆಚ್ಚುಕಮ್ಮಿ ಸೊನ್ನೆ. ನಿಮ್ಮ ಬೇಸ್‌ನ ಎ ಸ್ವರ ಎಷ್ಟು? 55 ಹರ್ಟ್ಜ್! ಟ್ರ್ಯಾಕಿನಲ್ಲಿ ಬೇಸ್ ಇದೆ, ನಿಮ್ಮ ಕಿವಿ ಇರುವ ಜಾಗದಲ್ಲಿ ಇಲ್ಲ, ಅಷ್ಟೇ. ಟ್ರ್ಯಾಕ್ ಹಾಕಿಟ್ಟು ಹಿಂದಿನ ಗೋಡೆ ಹತ್ತಿರ ಹೋಗಿ ನಿಂತು ನೋಡಿ, ಗೊತ್ತಾಗುತ್ತೆ. ಕುರ್ಚಿಯನ್ನು ಮುಂದಿನ ಗೋಡೆಯಿಂದ ಸುಮಾರು ಮೂರೂಮುಕ್ಕಾಲು ಅಡಿ ದೂರದಲ್ಲಿರುವಂತೆ ಸರಿಸಿ. ಪೂರ್ತಿ ಸರಿಹೋಗಲ್ಲ, ಆದರೆ ಸುಳ್ಳು ಕಡಿಮೆಯಾಗುತ್ತೆ. ಬೇಸ್ ತೀರ್ಮಾನಗಳನ್ನು ಹೆಡ್‌ಫೋನಲ್ಲಿ ಇನ್ನೊಮ್ಮೆ ಕೇಳಿಯೇ ಮಾಡಿ.

ಇನ್ನು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಏಟು. ನಿಮ್ಮ ಸ್ಯಾಂಪಲ್‌ನ ಬಾಲವನ್ನು (ಏಟಿನ ನಂತರ ಉಳಿಯುವ ನಾದ) ಅನಲೈಸರ್‌ನಲ್ಲಿ ನೋಡಿದೆ, 50 ಹರ್ಟ್ಜ್ ಹತ್ತಿರ ನಿಲ್ಲುತ್ತೆ. ಬೇಸ್ 55. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಚೂರು ತಪ್ಪಿದ್ದರೆ ವಾವ್ ವಾವ್ ಅಂತ ಅಲೆ ಬರುತ್ತಲ್ವಾ, ಇಲ್ಲಿ ಅದು ಸೆಕೆಂಡಿಗೆ ಐದು ಸಲ ಬರ್ತಿದೆ. ಅದನ್ನೇ ನೀವು 'ಮಡ್ಡಿ' ಅಂತ ಬರೆದಿದ್ದು. ಕಿಕ್ಕನ್ನು ಒಂದೂವರೆಗಿಂತ ತುಸು ಹೆಚ್ಚು ಸೆಮಿಟೋನ್ ಮೇಲಕ್ಕೆ ಎತ್ತಿ, 55ಕ್ಕೆ ಕೂರಲಿ, ಬಾಲ ಚಿಕ್ಕದು ಮಾಡಿ. ಆಮೇಲೆ ನಿಮ್ಮ ಲೈನ್ ಮೂರನೇ ಬಾರ್‌ನಲ್ಲಿ ಕೆಳಗಿನ ಡಿಗೆ ಇಳಿಯುತ್ತೆ, ಅದು 36.7 ಹರ್ಟ್ಜ್. ಚಿಕ್ಕ ಸ್ಪೀಕರ್‌ಗಳಿಗೆ ಅದು ಆಗದ ಕೆಲಸ. ಆ ಒಂದು ಸ್ವರವನ್ನು ಆಕ್ಟೇವ್ ಮೇಲೆ, 73.4ಕ್ಕೆ, ಹಾಕಿ.

ಸಿಂತ್ ಒಳಗೆ ಬನ್ನಿ. ನೀವು ಒಂದೇ ಸಾ (saw, ಗರಗಸದ ಹಲ್ಲಿನ ಆಕಾರದ) ಅಲೆಗೆ 7 ವಾಯ್ಸ್ ಯೂನಿಸನ್ ಕೊಟ್ಟು, ಅಂದರೆ ಅದೇ ಸ್ವರದ ಏಳು ಪ್ರತಿ ಒಟ್ಟಿಗೆ ನುಡಿಸಿ, ಅಗಲ ಮಾಡಿದ್ದೀರಿ. ಹೆಡ್‌ಫೋನಲ್ಲಿ ಮಜವಾಗಿರುತ್ತೆ. ಮಾನೋ ಆದ ತಕ್ಷಣ, ಅಂದರೆ ಎಡ ಬಲ ಎರಡೂ ಸೇರಿ ಒಂದಾದಾಗ, ಆ ವಾಯ್ಸ್‌ಗಳು ಒಂದನ್ನೊಂದು ತಿನ್ನುತ್ತವೆ. ನಾನು ಇದನ್ನು ಕಲಿತದ್ದು ಒಂದು ಕಾಲೇಜು ಫೆಸ್ಟ್‌ನಲ್ಲಿ. ಅಲ್ಲಿನ ಸಿಸ್ಟಮ್ ಮಾನೋ, ನನ್ನ ಬೇಸ್ ಅರ್ಧಕ್ಕರ್ಧ ಕಾಣೆ, ಮುಂದಿನ ಸಾಲಿನ ಹುಡುಗರು ಫೋನ್ ನೋಡ್ತಾ ನಿಂತಿದ್ದರು. ಅವತ್ತಿನಿಂದ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಮಾಸ್ಟರ್ ಮೇಲಿರುವ ಮಾನೋ ಬಟನ್ ಹತ್ತು ನಿಮಿಷಕ್ಕೊಮ್ಮೆ ಒತ್ತುತ್ತೇನೆ.

ಬೇಸನ್ನು ಎರಡು ಪದರ ಮಾಡಿ. ಕೆಳಗೆ ಬರೀ ಸೈನ್ (ಒಂದೇ ಆವರ್ತನದ ಶುದ್ಧ ಅಲೆ), ಯೂನಿಸನ್ 1, ಸ್ಟೀರಿಯೋ ಇಲ್ಲ. ವೈಟಲ್‌ನ ಆಸಿಲೇಟರ್‌ನಲ್ಲಿ (ಅಲೆ ಹುಟ್ಟಿಸುವ ಭಾಗ) ಫೇಸ್ ಪಕ್ಕ ಒಂದು ಶೇಕಡಾ ಸಂಖ್ಯೆ ಇರುತ್ತೆ. ಸಾಮಾನ್ಯವಾಗಿ ಅದು 100 ಇರುತ್ತೆ, ಅಂದರೆ ಪ್ರತಿ ಸ್ವರ ಅಲೆಯ ಎಲ್ಲೋ ಒಂದು ಕಡೆಯಿಂದ ಶುರು. ಒಂದು ಸಲ ಕಿಕ್ ಜೊತೆ ಕೂಡುತ್ತೆ, ಇನ್ನೊಂದು ಸಲ ಕಳೆಯುತ್ತೆ. ಅದನ್ನು 0 ಮಾಡಿ. ಅದೇ ಬಾರ್ ಎರಡು ಸಲ ರೆಂಡರ್ ಮಾಡಿದರೂ ಮೀಟರ್ ಒಂದೇ ತೋರಿಸಬೇಕು.

ಮೇಲಿನ ಪದರ ನಿಮ್ಮ ಸಾ ಅಲೆಯೇ ಇರಲಿ. 120 ಹರ್ಟ್ಜ್ ಕೆಳಗೆ ಹೈಪಾಸ್‌ನಿಂದ ಕತ್ತರಿಸಿ, ಯೂನಿಸನ್ 2 ಸಾಕು. ಮೇಲಿನ ಶಬ್ದ ತಡೆಯುವ ಲೋಪಾಸ್ ಫಿಲ್ಟರ್‌ನ ಕಟಾಫ್ 300ರ ಹತ್ತಿರ ಇಟ್ಟು, ಪ್ರತಿ ಸ್ವರದ ಶುರುವಿನಲ್ಲಿ ಎನ್ವಲಪ್‌ನಿಂದ ಮೇಲಕ್ಕೆ ತಳ್ಳಿ, ಅದು ವಾಪಸ್ ಇಳಿಯುವ ಸಮಯ (ಡಿಕೇ) 180 ಮಿಲಿಸೆಕೆಂಡ್. 'ಟಕ್' ಅನ್ನುವ ಮೊನೆ ಅಲ್ಲಿಂದ ಬರುತ್ತೆ. ಎರಡೂ ಪದರ ಸೇರಿದ ಮೇಲೆ ಸ್ವಲ್ಪ ಸ್ಯಾಚುರೇಶನ್, ಅಂದರೆ ಮೇಲಿನ ಉಪಸ್ವರಗಳನ್ನು ಸೇರಿಸುವ ಹದವಾದ ಡಿಸ್ಟಾರ್ಶನ್. ಫೋನ್ ಸ್ಪೀಕರ್ 55 ಹರ್ಟ್ಜ್ ನುಡಿಸುವುದೇ ಇಲ್ಲ. ಆದರೆ 220, 275, 330 ಸಿಕ್ಕಿದರೆ ಕಿವಿ ತಾನೇ ಕೆಳಗಿನ 55 ಇದೆ ಅಂದುಕೊಳ್ಳುತ್ತೆ. ಸ್ಯಾಚುರೇಶನ್ ಹಾಕುವಾಗ ಒಂದು ಮೋಸ ಇದೆ: ಶಬ್ದ ಜೋರಾದರೆ ಯಾವುದೂ ಚೆನ್ನಾಗೇ ಕೇಳಿಸುತ್ತೆ. ಔಟ್‌ಪುಟ್ ಇಳಿಸಿ ಮೊದಲಿನ ಮಟ್ಟಕ್ಕೆ ತಂದು ಹೋಲಿಸಿ.

ಸೈಡ್‌ಚೈನ್ ಆಮೇಲೆ, ಅಂದರೆ ಕಿಕ್ ಬಂದಾಗಲೆಲ್ಲ ಬೇಸ್ ತಾನೇ ತಗ್ಗುವಂತೆ ಮಾಡುವುದು. ಕಿಕ್‌ನಿಂದ ಬೇಸ್ ಟ್ರ್ಯಾಕಿನ 3/4 ಚಾನೆಲ್‌ಗೆ ಸೆಂಡ್ ಕೊಡಿ, ರೀಪರ್‌ನ ಕಂಪ್ರೆಸರ್ ರೀಕಾಂಪ್‌ನಲ್ಲಿ ಡಿಟೆಕ್ಟರ್ ಇನ್‌ಪುಟ್ ಆಕ್ಸಿಲರಿ ಮಾಡಿ. ನಿಮ್ಮ ವೇಗದಲ್ಲಿ ಒಂದು ಬೀಟ್ 480 ಮಿಲಿಸೆಕೆಂಡ್. ರಿಲೀಸ್ (ತಗ್ಗಿದ ಬೇಸ್ ವಾಪಸ್ ಏರುವ ಸಮಯ) 120 ಮಿಲಿಸೆಕೆಂಡಿನಿಂದ ಶುರು ಮಾಡಿ, 4–5 ಡಿಬಿ ಇಳಿದರೆ ಸಾಕು. ಪಂಪ್ ಆಗಬೇಕು ಅಂತಲೇ ಇದ್ದರೆ ಜಾಸ್ತಿ ಮಾಡಿ, ಅದು ನಿಮ್ಮ ರುಚಿ.

ಪ್ಯಾಡ್‌ನಲ್ಲಿ (ಹಿನ್ನೆಲೆಯ ಉದ್ದನೆಯ ಸ್ವರಗಳು) 200–400 ಹರ್ಟ್ಜ್ ತುಂಬಿಕೊಂಡಿದೆ, ಅಲ್ಲಿ 3 ಡಿಬಿ ಕಡಿಮೆ ಮಾಡಿ. ಮಾಸ್ಟರ್ ಪೀಕ್ ಮೈನಸ್ 6 ಡಿಬಿ ಹತ್ತಿರ ಇರಲಿ, ಸದ್ಯಕ್ಕೆ ಲಿಮಿಟರ್ ಬೇಡ.

ಇಷ್ಟು ಮಾಡಿ ಮತ್ತೆ ಕಾರಲ್ಲಿ ಕೇಳುವ ಮೊದಲು ಕಾರ್ ಸ್ಟೀರಿಯೋದ ಬೇಸ್ ಬೂಸ್ಟ್ ಆಫ್ ಇದೆಯಾ ನೋಡಿ. ನನ್ನದು ಎರಡು ವರ್ಷ ಆನ್ ಇತ್ತು.