ಗಾಲ್ಫ್ ಮೈದಾನಕ್ಕೂ ಕ್ರಿಕೆಟ್ ಮೈದಾನದ ಹಾಗೆ ಅಳತೆ ಇರುತ್ತಾ? ಒಳಗೆ ಏನೇನಿರುತ್ತೆ?

ನಾನು ಆಡುವವನಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಚಿಕ್ಕಮಗಳೂರಲ್ಲಿ ಕಾಫಿ ತೋಟ ಇರುವ ನಮ್ಮ ಭಾವನಿಗೆ ಈ ಹುಚ್ಚು. ಅವರ ಹಿಂದೆ ನಾಲ್ಕೈದು ಸಲ ಪೂರ್ತಿ ಸುತ್ತು ನಡೆದಿದ್ದೇನೆ, ಆ ಧೈರ್ಯದ ಮೇಲೆ ಉತ್ತರ.

ಇಷ್ಟೇ ಉದ್ದ, ಇಷ್ಟೇ ಅಗಲ ಅಂತ ಇಲ್ಲ. ಮೈದಾನ ಅನ್ನೋದಕ್ಕಿಂತ ನಮ್ಮ ಕಡೆಯ ಹುಲ್ಲಿನ ಬೇಣ ನೆನಪಿಸಿಕೊಳ್ಳಿ. ಏರು, ಇಳಿಜಾರು, ನಡುವೆ ಹಳ್ಳ, ಅಂಚಿಗೆ ಕಾಡು. ಅಂಥ ಜಾಗದಲ್ಲಿ 18 ಉದ್ದ ಪಟ್ಟಿಗಳು. ಒಂದೊಂದು ಪಟ್ಟಿಗೂ 'ಹೋಲ್' ಅಂತಲೇ ಹೆಸರು, ಅದರ ತುದಿಯಲ್ಲಿ ಚೆಂಡು ಬೀಳಬೇಕಾದ ಕುಳಿಗೂ ಅದೇ ಹೆಸರು. ನನಗೆ ಮೊದಲು ತಲೆಕೆಟ್ಟಿದ್ದು ಇಲ್ಲೇ. ಈ 18ರ ಲೆಕ್ಕ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನದು. 1764ರವರೆಗೆ ಅಲ್ಲೂ ಒಂದು ಸುತ್ತಿನಲ್ಲಿ 22 ಹೋಲ್ ಇತ್ತು. ಜಾಗ ಕಮ್ಮಿ ಇದ್ದಲ್ಲಿ 9 ಮಾಡಿ ಎರಡು ಸುತ್ತು ಹೊಡೆಯುತ್ತಾರೆ.

ಮೊದಲ ಹೊಡೆತ ಟೀ ಅನ್ನೋ ಸಮತಟ್ಟು ಕಟ್ಟೆಯಿಂದ. ಮುಂದೆ ಸಣ್ಣಗೆ ಕತ್ತರಿಸಿದ ಹುಲ್ಲಿನ ಹಾದಿ, ಅದು ಫೇರ್‌ವೇ. ಎರಡೂ ಬದಿ ಬೆಳೆಯಲು ಬಿಟ್ಟ ಹುಲ್ಲು, ರಫ್. ಮಧ್ಯೆ ಮರಳಿನ ಗುಂಡಿ, ಕೆರೆ. ತುದಿಗೆ ತೀರಾ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ, ಅದು ಗ್ರೀನ್, ಅಲ್ಲಿ ಬಾವುಟ ನೆಟ್ಟ ಕುಳಿ. ಕುಳಿಯ ಅಗಲ ಮಾತ್ರ ಜಗತ್ತಿನಲ್ಲೆಲ್ಲ ಒಂದೇ, 4.25 ಇಂಚು. ಇಡೀ ಮೈದಾನದಲ್ಲಿ ಅಳತೆ ಬಿಗಿ ಇರೋದು ಇಂಥ ಒಂದೆರಡಕ್ಕೇ.

ಪ್ರತಿ ಹೋಲ್‌ಗೂ 3, 4 ಇಲ್ಲವೇ 5 ಅಂತ 'ಪಾರ್' ಇರುತ್ತೆ, ಅಂದರೆ ಪಳಗಿದ ಆಟಗಾರ ಚೆಂಡು ಕುಳಿಗೆ ಹಾಕಲು ಬೇಕಾದ ಹೊಡೆತಗಳ ಲೆಕ್ಕ. ಗ್ರೀನ್ ಮುಟ್ಟಲು ಬೇಕಾದ ಹೊಡೆತ, ಜತೆಗೆ ಗ್ರೀನ್ ಮೇಲೆ ಎರಡು. 400 ಗಜದ್ದಾದರೆ 4. ಎಲ್ಲ ಕೂಡಿದರೆ ಸಾಮಾನ್ಯವಾಗಿ 72ರ ಆಸುಪಾಸು. ಭಾವ ನೂರರೊಳಗೆ ಮುಗಿಸಿದ ದಿನ ಮನೆಯಲ್ಲಿ ಪಾಯಸ.

ಗ್ರೀನ್ ಬಗ್ಗೆ ಇನ್ನೊಂದು ಮಾತು. ಕುಳಿ ಒಂದೇ ಕಡೆ ಇರೋದಿಲ್ಲ. ಒಂದು ಬೆಳಿಗ್ಗೆ ನೋಡಿದೆ: ಕೆಲಸದವರು ಹೊಸ ಜಾಗದಲ್ಲಿ ಕೊಳವೆಯಂಥ ಸಲಕರಣೆ ಒತ್ತಿ ತಿರುಗಿಸಿ, ಹುಲ್ಲು ಸಮೇತ ಮಣ್ಣಿನ ಉಂಡೆ ಎತ್ತಿ ಹಳೇ ಕುಳಿಗೆ ತುಂಬಿದರು, ಅಂಗೈಯಲ್ಲಿ ತಟ್ಟಿ ನೀರು ಚಿಮುಕಿಸಿದರು. ಐದು ನಿಮಿಷಕ್ಕೆ ಗುರುತೇ ಇಲ್ಲ. ಕಾಲು ತುಳಿದು ತುಳಿದು ಒಂದೇ ಜಾಗ ಸವೆಯಬಾರದಲ್ಲ, ಅದಕ್ಕೆ. ಅಂದಹಾಗೆ ಬಿಸಿಲು ನಾಡಿನ ಮೈದಾನಗಳಲ್ಲಿ ಹೆಚ್ಚಾಗಿ ಹಾಕುವ ಬರ್ಮುಡಾ ಹುಲ್ಲು ಬೇರೇನಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯ ಜಾತಿಯೇ.

ನೋಡಲು ಹೋಗೋದಾದರೆ ಮಳೆ ಬಿಟ್ಟ ಮೇಲೆ ಹೋಗಿ. ರಫ್‌ಗೆ ಬಿದ್ದ ಚೆಂಡು ಹುಡುಕಲು ನಿಯಮದಲ್ಲಿ 3 ನಿಮಿಷ ಕೊಟ್ಟಿದ್ದಾರೆ. ಆಷಾಢದಲ್ಲಿ ರಕ್ತ ಹೀರುವ ಉಂಬಳಕ್ಕೆ ಅಷ್ಟು ಧಾರಾಳ ಸಾಕು.